ಭಯ ಯಾರದು, ಬೆಂಕಿ ಯಾರ ಮನೆಗೆ?

(ರಾಜಾಜಿನಗರದಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮನಶ್ಶಾಸ್ತ್ರಕ್ಕೂ ರಾಜಕೀಯಕ್ಕೂ ಏನು ನಂಟು ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಪ್ರಶ್ನೆ ಸರಿಯಾದದ್ದೇ. ಮನುಷ್ಯನ ರಾಜಕೀಯ ಅವನ ಹೊಟ್ಟೆಯಿಂದ ಹುಟ್ಟುತ್ತದೆಂದು ನಾವು ಸಮಾಜವಾದಿಗಳು ಹೇಳುತ್ತ ಬಂದವರು. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹೊಟ್ಟೆಗಿಲ್ಲದವನು ಪಕ್ಕದಲ್ಲಿರುವ ಇನ್ನೊಬ್ಬ ಹೊಟ್ಟೆಗಿಲ್ಲದವನ ಮೇಲೆಯೇ ಕೈಯೆತ್ತುತ್ತಾನಲ್ಲ, ಅದೇಕೆ? ಕೂಲಿ ಮತ್ತು ಬೆಲೆಗಳ ಲೆಕ್ಕವೊಂದರಿಂದಲೇ ಇದಕ್ಕೆ ಉತ್ತರ ಸಿಗದು. ಮನಸ್ಸಿನ ಲೆಕ್ಕವನ್ನೂ ಹಾಕಬೇಕು.

ದೂರದ ನಿದರ್ಶನ ಬೇಡ. 2016ರ ಸೆಪ್ಟೆಂಬರ್ 12, ಸೋಮವಾರ. ಕಾವೇರಿಯಿಂದ ತಮಿಳುನಾಡಿಗೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಅದೇ ತಿಂಗಳ 5ರಂದು ಆಜ್ಞೆ ಮಾಡಿತ್ತು. 12ರಂದು ಅದನ್ನು 12,000ಕ್ಕೆ ಇಳಿಸಿ, ಅವಧಿಯನ್ನು 20ರವರೆಗೆ ಬೆಳೆಸಿತು. ಬೆಂಗಳೂರಿನಲ್ಲಿ ಕನ್ನಡ ನಟರನ್ನು ಹೀಯಾಳಿಸಿದನೆಂದು ತಮಿಳು ಯುವಕನೊಬ್ಬನಿಗೆ ಹೊಡೆದ ಚಿತ್ರ, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾದ ಸುದ್ದಿ, ಇವೆರಡೂ ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಮೈಸೂರು ರಸ್ತೆಯ ಕಡೆ ಡಿಪೋ ಒಂದರಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಉರಿದುಹೋದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ. 16 ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಬಿತ್ತು. ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಕೆಂಗೇರಿ: ಪಟ್ಟಿಯ ಬಹುಭಾಗ ನಮ್ಮದೇ ಪಶ್ಚಿಮ ದಿಕ್ಕು.

ಉರಿದ ಬಸ್ಸಿನಿಂದ ಕಾವೇರಿಗೆ ಒಂದು ಚೊಂಬು ನೀರು ಸೇರಿತೆ? ಕೂಲಿ ಕಳೆದುಕೊಂಡವರು ನಾವು, ಬಾಗಿಲು ಎಳೆದು ಕೂತ ಅಂಗಡಿಯವರು ನಾವು. ಹಾಗಿದ್ದೂ ಹೀಗೇಕಾಯಿತು? ಗೂಂಡಾಗಳ ಕೆಲಸ ಎಂದುಬಿಟ್ಟರೆ ಸುಲಭ. ಬೆಂಕಿ ಹಚ್ಚಿದವರು ಕೆಲವರೇ. ನಿಂತು ನೋಡಿದವರೆಷ್ಟು, ಮನೆಯೊಳಗೆ ಕೂತು "ಆಗಲಿ ಬಿಡು" ಎಂದುಕೊಂಡವರೆಷ್ಟು? ಅವರ ಮನಸ್ಸೇ ಇಂದಿನ ವಿಷಯ.

ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞನಿದ್ದ. ಪೋಲೆಂಡಿನ ಯಹೂದಿ, ಹಿಟ್ಲರನ ಕಾಲದಲ್ಲಿ ತನ್ನವರನ್ನು ಕಳೆದುಕೊಂಡವನು. ಇಂಗ್ಲೆಂಡಿನಲ್ಲಿ ಶಾಲೆಯ ಹುಡುಗರನ್ನು ಕೇವಲ ನೆಪಮಾತ್ರದ ಕಾರಣಕ್ಕೆ ಎರಡು ಗುಂಪು ಮಾಡಿದ. ಯಾವ ಚಿತ್ರ ಮೆಚ್ಚಿದೆ ಎಂಬಷ್ಟೇ ಭೇದ. ಆಮೇಲೆ ಹಣ ಹಂಚಲು ಹೇಳಿದ. ಹುಡುಗರು ತಮ್ಮ ಗುಂಪಿಗೇ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ಎದುರು ಗುಂಪಿಗೆ ಇನ್ನೂ ಕಡಿಮೆ ಸಿಗುವುದಾದರೆ ತಮಗೂ ಕಡಿಮೆಯಾಗಲಿ ಎಂದು ಒಪ್ಪಿದರು. 1970ರಲ್ಲಿ ಪ್ರಕಟವಾದ ಈ ಪ್ರಯೋಗ ತೋರಿಸಿದ್ದೇನು? "ನಾವು, ಅವರು" ಎಂಬ ಗೆರೆ ಎಳೆಯಲು ಹಳೆಯ ಹಗೆ ಬೇಕಾಗಿಲ್ಲ. ಗೆರೆ ಎಳೆದರೆ ಸಾಕು, ಹಗೆ ತಾನಾಗಿ ಬರುತ್ತದೆ.

ಎರಡನೆಯದು ಗಾಳಿಸುದ್ದಿ. 1934ರ ಜನವರಿಯಲ್ಲಿ ಬಿಹಾರದಲ್ಲಿ ಘೋರ ಭೂಕಂಪವಾಯಿತು. ಆಗ ಹಬ್ಬಿದ ಸುದ್ದಿಗಳನ್ನು ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಸಂಗ್ರಹಿಸಿ ಮರುವರ್ಷ ಪ್ರಕಟಿಸಿದರು. ನೆಲ ನಡುಗಿದರೂ ಮನೆ ಬೀಳದಿದ್ದ ಊರುಗಳಲ್ಲಿ, ಇನ್ನೂ ದೊಡ್ಡ ವಿಪತ್ತು ಬರಲಿದೆ ಎಂಬ ಸುದ್ದಿ ಹರಡಿತ್ತು. ಏನೂ ಕಳೆದುಕೊಳ್ಳದವರಿಗೆ ಇಷ್ಟು ಹೆದರಿಕೆಯೇಕೆ? ಅಮೆರಿಕದ ಲಿಯಾನ್ ಫೆಸ್ಟಿಂಗರ್ ಇದನ್ನು ಓದಿ ಹೀಗೆ ಅರ್ಥಮಾಡಿದ: ಭಯ ಮೊದಲೇ ಬಂದು ಕೂತಿತ್ತು, ಆ ಭಯಕ್ಕೊಂದು ಕಾರಣ ಬೇಕಾಗಿತ್ತು, ಸುದ್ದಿ ಆ ಕಾರಣವನ್ನು ಒದಗಿಸಿತು. ಮನಸ್ಸಿನ ಒಳವಿರೋಧದ ಬಗ್ಗೆ 1957ರಲ್ಲಿ ಅವನು ಹೊರತಂದ ಸಿದ್ಧಾಂತಕ್ಕೆ ಇದೊಂದು ಮೂಲ.

2012ರ ಆಗಸ್ಟಿನಲ್ಲಿ ನಮ್ಮ ರೈಲು ನಿಲ್ದಾಣದಲ್ಲಿ ಕಂಡದ್ದೂ ಇದನ್ನೇ. ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿಯ ರೈಲು ಹತ್ತಿದರು. ಅವರನ್ನು ಓಡಿಸಿದ್ದು ಹಲ್ಲೆಯಾಗುತ್ತದೆ ಎಂಬ ಗಾಳಿಸುದ್ದಿ. ಅಸ್ಸಾಮಿನ ಗಲಭೆಯ ಭಯ ಅವರ ಮನಸ್ಸಿನಲ್ಲಿ ಮೊದಲೇ ಇತ್ತು.

ನಮ್ಮ ಮನಸ್ಸಿನಲ್ಲಿರುವ ಭಯ ಯಾವುದು? ನಾಳೆ ಕೆಲಸ ಇದೆಯೋ ಇಲ್ಲವೋ, ಬಾಡಿಗೆ ಏರುತ್ತದೆಯೋ, ಉದ್ರಿ ಕೊಟ್ಟದ್ದು ಬರುತ್ತದೆಯೋ. ಇದಕ್ಕೆ ಹೊಣೆ ಯಾರೆಂದು ಹುಡುಕುವುದು ಕಷ್ಟ. ಪಕ್ಕದ ಮನೆಯವನನ್ನು ತೋರಿಸಿಕೊಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ.

ಇನ್ನು ನನ್ನದೇ ಒಂದು ಮಾತು. ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ತಮಿಳರೊಬ್ಬರು ನನಗೆ ಇಪ್ಪತ್ತು ವರ್ಷದ ಪರಿಚಯ. 1991ರ ಡಿಸೆಂಬರಿನ ಕಾವೇರಿ ಗಲಭೆಯಲ್ಲಿ ಮನೆ ಬಿಟ್ಟು ಓಡಿದ್ದವರು. 2016ರ ಆ ಸಂಜೆ ಅವರ ಮನೆಗೆ ಹೋಗಿ "ನಾನಿದ್ದೇನೆ" ಎನ್ನಬೇಕೆನಿಸಿತು. ಹೋಗಲಿಲ್ಲ, ಹೆದರಿದೆ. ರಾತ್ರಿಯ ಹೊತ್ತಿಗೆ ನನ್ನ ಮನಸ್ಸು ಏನು ಹೇಳಿತು ಗೊತ್ತೆ? "ಅವರ ಕಡೆಯವರು ಮಾತ್ರ ನಮಗೆ ನ್ಯಾಯ ಮಾಡಿದ್ದಾರೆಯೆ?" ಜೀವನವಿಡೀ ಕಾರ್ಮಿಕರ ಐಕ್ಯದ ಬಗ್ಗೆ ಭಾಷಣ ಮಾಡಿದವನ ಮನಸ್ಸು ಇದು! ನನ್ನ ಹೇಡಿತನಕ್ಕೆ ಒಂದು ಕಾರಣ ಬೇಕಾಗಿತ್ತು; ಅದು ಅವರನ್ನೇ ಅಪರಾಧಿ ಮಾಡಿತು. ಕರ್ಫ್ಯೂ ತೆಗೆದ ಮೇಲೆ ಹೋದೆ. ಅವರು ಏನೂ ಕೇಳಲಿಲ್ಲ. "ನಿಮ್ಮ ನಾಲ್ಕು ಅಂಗಿ ಹಾಗೇ ಇವೆ, ಸಾರ್" ಎಂದು ಎತ್ತಿಕೊಟ್ಟರು. ದ್ವೇಷದಿಂದಲೇ ಅನ್ಯಾಯ ಹುಟ್ಟುತ್ತದೆಂದು ನಾವು ತಿಳಿದಿದ್ದೇವೆ. ಎಷ್ಟೋ ಸಲ ಅನ್ಯಾಯ ಮೊದಲು ನಡೆಯುತ್ತದೆ, ಅದನ್ನು ಸಮರ್ಥಿಸಲು ದ್ವೇಷ ಹಿಂದಿನಿಂದ ಬರುತ್ತದೆ.

ಹಾಗಾದರೆ ಮನುಷ್ಯಸ್ವಭಾವವೇ ಇಷ್ಟು ಎಂದು ಕೈಕಟ್ಟಿ ಕೂರೋಣವೆ? ಬೇಡ. 1954ರಲ್ಲಿ ಅಮೆರಿಕದ ಒಕ್ಲಹಾಮದ ಒಂದು ಶಿಬಿರದಲ್ಲಿ ಮುಜಫರ್ ಶೆರೀಫ್ ಎಂಬವನು 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟ. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಕೈಕೈ ಮಿಲಾಯಿಸುವುದು ಶುರುವಾಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ಆಗ ಶಿಬಿರಕ್ಕೆ ಬರುವ ನೀರೇ ನಿಲ್ಲುವಂತೆ ಮಾಡಿದರು. ನೀರು ಎಲ್ಲಿ ನಿಂತಿದೆಯೆಂದು ಎರಡೂ ಗುಂಪು ಕೂಡಿ ಹುಡುಕಬೇಕಾಯಿತು. ಹೀಗೆ ಕೂಡಿ ಮಾಡಲೇಬೇಕಾದ ಕೆಲಸ ಒಂದಾದ ಮೇಲೊಂದು ಬಂದಂತೆ ಹಗೆ ಕರಗಿತು. ಉಪದೇಶದಿಂದ ಆಗದ್ದು ದುಡಿಮೆಯಿಂದ ಆಯಿತು.

ಇದು ನಮಗೆ ಹೊಸ ಪಾಠವಲ್ಲ. 1884ರಲ್ಲಿ ಹುಟ್ಟಿ, ಬಿನ್ನಿ ಮಿಲ್ಲು ಎಂದೇ ಹೆಸರಾದ ಗಿರಣಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಿನವರು ಒಂದೇ ಪಾಳಿಯಲ್ಲಿ ದುಡಿದರು, ಕೂಡಿ ಮುಷ್ಕರ ಹೂಡಿದರು. ಇಂದು ಅಲ್ಲಿ ಮಗ್ಗದ ಸದ್ದಿಲ್ಲ. ಅಂಥ ಜಾಗಗಳು ಮುಚ್ಚಿದಾಗ ಕೆಲಸ ಹೋಗುವುದರ ಜೊತೆಗೆ, ಒಬ್ಬರನ್ನೊಬ್ಬರು ಬಲ್ಲ ಅವಕಾಶವೂ ಹೋಗುತ್ತದೆ.

ಆದುದರಿಂದ ನನ್ನ ಬಿನ್ನಹ ಮೂರು. ಸಿಟ್ಟು ತರಿಸುವ ಸುದ್ದಿ ಕೈಗೆ ಬಂದಾಗ, ಮುಂದೆ ಕಳಿಸುವ ಮೊದಲು "ಕಂಡವರು ಯಾರು?" ಎಂದು ಕೇಳಿರಿ. ಅಂಗಡಿಯವರೇ, ಕಾರ್ಮಿಕರೇ, ಬೀದಿಗೊಂದು ಸಮಿತಿ ಮಾಡಿಕೊಳ್ಳಿರಿ. ಅದರಲ್ಲಿ ಎಲ್ಲ ಭಾಷೆಯವರೂ ಇರಲಿ, ನಲ್ಲಿ ನೀರಿಗೂ ರೇಷನ್ನಿಗೂ ಅದು ಕೂಡಿ ಹೋರಾಡಲಿ. ಮೂರನೆಯದು, ಗಲಭೆಯ ಸಂಜೆ ಮನೆಯಲ್ಲಿ ಕೂರಬೇಡಿರಿ. ಇಬ್ಬರು ಮೂವರು ಸೇರಿ ಹೆದರಿದವನ ಬಾಗಿಲು ತಟ್ಟಿರಿ.

ಮಂಡ್ಯದ ರೈತನ ಸಂಕಟ ನಿಜ, ತಂಜಾವೂರಿನ ರೈತನ ಸಂಕಟವೂ ನಿಜ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅದನ್ನು ತಂದದ್ದು ದಾಖಲೆ ಮತ್ತು ವಾದ. ಆ ನೀರು ನಲ್ಲಿಗೆ ಬರುವಾಗ ಯಾವ ಮನೆಯ ಭಾಷೆ ಯಾವುದೆಂದು ಕೇಳುವುದಿಲ್ಲ. ನಾವೂ ಕೇಳದಿರೋಣ.