ನೀರು ನಡೆಯುವ ದಾರಿ



ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳುಗಳಿಗೆ ಕಲ್ಲುಪ್ಪನ್ನು ಬೆರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇರಿಸಿದರೆ, ಹನಿ ನೀರನ್ನೂ ಹಾಕದ ಆ ಭರಣಿಯಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ರಸ ಬಿಟ್ಟು ನಿಂತಿರುವುದನ್ನು ನಮ್ಮ ಮನೆಗಳ ಹಿರಿಯ ಹೆಂಗಸರು ತಲೆತಲಾಂತರದಿಂದ ಬಲ್ಲರು. ಉಪ್ಪು ಎತ್ತ ಹೆಚ್ಚೋ ನೀರು ಅತ್ತ ಸರಿಯುತ್ತದೆ. ಅಡುಗೆಮನೆಯ ಈ ಅನುಭವವೇ ನಮ್ಮ ಕರುಳಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಹಗಲಿರುಳು ನಡೆಯುವ ಜಲಸಂಚಾರದ ಮೂಲಸೂತ್ರವೆಂದು ತಿಳಿಯಲು ವಿಜ್ಞಾನಿಗಳಿಗೆ ಎರಡು ಶತಮಾನಗಳು ಹಿಡಿದುವು. ಆ ವೃತ್ತಾಂತವನ್ನು ಈ ದಿನ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ ಎಂಬವರು ಮದ್ಯಸಾರ ತುಂಬಿದ ಪಾತ್ರೆಯೊಂದರ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟು, ಕೆಲವು ಗಂಟೆಗಳ ತರುವಾಯ ನೋಡಲಾಗಿ, ಆ ಪೊರೆಯು ಒಡೆಯುವಂತೆ ಉಬ್ಬಿ ನಿಂತಿತ್ತು. ಹೊರಗಿನ ನೀರು ಒಳಕ್ಕೆ ನುಗ್ಗಿತ್ತು. ಮುಂದಿನ ಶತಮಾನದಲ್ಲಿ ದುತ್ರೋಷೆ ಎಂಬ ವಿಜ್ಞಾನಿ ಈ ವ್ಯಾಪಾರಕ್ಕೆ ಹೆಸರಿಟ್ಟರು; ನಾವು ಅದನ್ನು ಅಭಿಸರಣೆ ಎನ್ನುತ್ತೇವೆ. ಫೆಫರ್ ಅದರ ಒತ್ತಡವನ್ನು ಅಳೆದರು. ವಾಂಟ್ ಹಾಫ್ ಅದಕ್ಕೆ ಗಣಿತದ ನಿಯಮವನ್ನು ಕೊಟ್ಟು, 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಆದರೆ ಜೀವಂತ ದೇಹವು ಇಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗಲಿಲ್ಲ. ಕರುಳು, ಪಿತ್ತಕೋಶ, ಮೂತ್ರನಾಳಿಕೆಗಳ ಒಳಮೈಯಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿ ಗೋಡೆಯಂತೆ ನಿಂತಿವೆ. ಇದಕ್ಕೆ ಅನುಲೇಪಕ ಅಂಗಾಂಶವೆಂದು ಹೆಸರು. ಸ್ಕಾಟ್ಲೆಂಡಿನ ಡಂಡಿಯಲ್ಲಿ ವೇಮತ್ ರೀಡ್ ಎಂಬ ಶರೀರಶಾಸ್ತ್ರಜ್ಞರು ನಾಯಿಯ ಕರುಳಿನೊಳಕ್ಕೆ ಅದರದೇ ರಕ್ತದ ಸೀರಮ್ಮನ್ನು ತುಂಬಿದರು. ಗೋಡೆಯ ಇಕ್ಕೆಲಗಳಲ್ಲಿಯೂ ಒಂದೇ ದ್ರವ. ಅಭಿಸರಣೆಗೆ ಕಾರಣವೇ ಇಲ್ಲ. ಆದರೂ ಕರುಳು ಅದನ್ನು ಹೀರಿಕೊಂಡಿತು. ಹೀರುವ ಶಕ್ತಿಯು ಕೋಶಗಳಲ್ಲಿಯೇ ಇದೆಯೆಂಬುದು ನಿಶ್ಚಯವಾಯಿತು, ಅದು ಎಂತಹ ಶಕ್ತಿಯೆಂಬುದು ಮಾತ್ರ ಅರ್ಧ ಶತಮಾನ ಕಾಲ ನಿಗೂಢವಾಗಿಯೇ ಉಳಿಯಿತು.

ಒಗಟನ್ನು ಬಿಡಿಸಲು ನೆರವಾದುದು ಒಂದು ಕಪ್ಪೆಯ ಚರ್ಮ. ಕೋಪನ್‌ಹೇಗನ್ನಿನ ಹಾನ್ಸ್ ಉಸ್ಸಿಂಗ್ ಅದನ್ನು ಎರಡು ದ್ರಾವಣಗಳ ನಡುವೆ ಪರದೆಯಂತೆ ಬಿಗಿದು, ಅದರ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು, ಚರ್ಮವು ಸೋಡಿಯಂ ಅನ್ನು ತಾನೇ ಶಕ್ತಿ ವ್ಯಯಿಸಿ ಒಳಕ್ಕೆ ಸಾಗಿಸುತ್ತದೆಂದು 1951ರಲ್ಲಿ ತೋರಿಸಿದರು. ಅಮೆರಿಕದ ಪೀಟರ್ ಕರ್ರನ್ ಮೊದಲಾದವರು ಕರುಳಿನಲ್ಲಿ ಇದನ್ನೇ ಮುಂದುವರಿಸಿದರು: ಕೋಶವು ಎತ್ತಿ ಸಾಗಿಸುವುದು ಉಪ್ಪನ್ನು, ನೀರು ಅದನ್ನು ಹಿಂಬಾಲಿಸುತ್ತದೆ. ಭರಣಿಯ ನಿಯಮವೇ ಇಲ್ಲಿಯೂ. ಭೇದವಿಷ್ಟೆ, ಉಪ್ಪನ್ನು ಹಾಕುವ ಕೈ ಕೋಶದ್ದೇ.

ಹಾಗಾದರೆ ಕೊಬ್ಬಿನಿಂದಾದ ಕೋಶಪೊರೆಯನ್ನು ನೀರು ಇಷ್ಟು ವೇಗವಾಗಿ ದಾಟುವುದೆಂತು? ಬಾಲ್ಟಿಮೋರಿನಲ್ಲಿ ಪೀಟರ್ ಆಗ್ರೆಯವರು ರಕ್ತದ ಆರ್‌ಎಚ್ ಗುಂಪನ್ನು ಕುರಿತು ಶೋಧಿಸುತ್ತಿರುವಾಗ, ಹುಡುಕದ ಪ್ರೋಟೀನೊಂದು ಕೈಗೆ ಸಿಕ್ಕಿತು. ಕೆಂಪು ರಕ್ತಕಣದಲ್ಲಿಯೂ ಮೂತ್ರನಾಳಿಕೆಗಳಲ್ಲಿಯೂ ಅದು ಹೇರಳವಾಗಿತ್ತು. ಅದೇ ನೀರಿನ ದಾರಿಯೋ ಎಂಬ ಪರೀಕ್ಷೆಗೆ ಮತ್ತೆ ಕಪ್ಪೆಯೇ ಒದಗಿತು. ಕಪ್ಪೆಯ ಮೊಟ್ಟೆಯು ಕೊಳದ ತಿಳಿನೀರಿನಲ್ಲಿ ಬಿದ್ದಿದ್ದರೂ ಉಬ್ಬದು, ನೀರನ್ನು ಸುಲಭವಾಗಿ ಒಳಬಿಡದು. ಆ ಪ್ರೋಟೀನನ್ನು ತಯಾರಿಸುವ ಸಂದೇಶವನ್ನು ಚುಚ್ಚಿದ ಮೊಟ್ಟೆಯನ್ನು ತೆಳುವಾದ ದ್ರಾವಣಕ್ಕೆ ಹಾಕಿದೊಡನೆ ಅದು ಉಬ್ಬಿತು, ಕೆಲವೇ ನಿಮಿಷಗಳಲ್ಲಿ ಒಡೆದುಹೋಯಿತು. ಚುಚ್ಚದಿದ್ದುದು ಇದ್ದಂತೆಯೇ ಇತ್ತು. 1992ರಲ್ಲಿ ಪ್ರಕಟವಾದ ಈ ಪ್ರಯೋಗದಷ್ಟು ಸರಳವೂ ನಿಸ್ಸಂದಿಗ್ಧವೂ ಆದುದನ್ನು ನಾನು ಹೆಚ್ಚು ಕಂಡಿಲ್ಲ. ಆಕ್ವಾಪೋರಿನ್ ಎಂಬ ಈ ಜಲದ್ವಾರದ ಮೂಲಕ ಕ್ಷಣವೊಂದಕ್ಕೆ ಕೋಟ್ಯಂತರ ನೀರಿನ ಅಣುಗಳು ಹಾಯುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸೋಸುವ ಸುಮಾರು 180 ಲೀಟರಿನಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಹೊರಹೋಗುವುದರಲ್ಲಿ ಇಂತಹ ದ್ವಾರಗಳ ಪಾಲು ದೊಡ್ಡದು. 2003ರಲ್ಲಿ ಆಗ್ರೆಯವರಿಗೆ ನೊಬೆಲ್ ಸಂದಿತು.

ಆದರೆ ಈ ವಿದ್ಯೆಯಿಂದ ಬಡವರ ಪ್ರಾಣ ಉಳಿದುದು ದ್ವಾರದ ಪತ್ತೆಗೆ ಎಷ್ಟೋ ಮುನ್ನ. ಕಾಲರಾ ವಿಷವು ಕರುಳಿನ ಕೋಶಗಳಿಂದ ಉಪ್ಪನ್ನು ಹೊರಹರಿಸುತ್ತದೆ, ನೀರು ಅದರ ಬೆನ್ನಟ್ಟುತ್ತದೆ. ರೋಗಿ ಕೆಲವೇ ಗಂಟೆಗಳಲ್ಲಿ ಬತ್ತಿಹೋಗುತ್ತಾನೆ. ಗ್ಲೂಕೋಸ್ ಹಾಗೂ ಸೋಡಿಯಂ ಜೊತೆಯಾಗಿ ಒಳಪ್ರವೇಶಿಸುವ ಬಾಗಿಲೊಂದು ಇದೆಯೆಂದು ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಸೂಚಿಸಿದ್ದರು. ಕಾಲರಾದಲ್ಲಿಯೂ ಆ ಬಾಗಿಲು ಮುಚ್ಚುವುದಿಲ್ಲ; ಅದರ ಮೂಲಕ ಉಪ್ಪು ಒಳಹೊಕ್ಕರೆ ನೀರೂ ಹಿಂಬಾಲಿಸುತ್ತದೆ. 1971ರಲ್ಲಿ ಪೂರ್ವಬಂಗಾಳದ ನಿರಾಶ್ರಿತರು ಪಶ್ಚಿಮಬಂಗಾಳದ ಬನಗಾಂವ್ ಶಿಬಿರಕ್ಕೆ ತಂಡತಂಡವಾಗಿ ಬಂದಾಗ, ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ತೀರುತ್ತಲಿರಲು, ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕದಡಿ, ಬಳಗದವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಮೂರು ನಾಲ್ಕಕ್ಕೆ ಇಳಿಯಿತು. ವೈದ್ಯನ ಸೂಜಿಯಿಂದ ತಾಯಿಯ ಲೋಟಕ್ಕೆ ಚಿಕಿತ್ಸೆಯನ್ನು ದಾಟಿಸಿದ ಈ ಕಾರ್ಯವನ್ನು ನಾನು ನಮ್ಮ ದೇಶದ ವೈದ್ಯಚರಿತ್ರೆಯಲ್ಲಿ ಅತ್ಯುನ್ನತವೆಂದೇ ಎಣಿಸುತ್ತೇನೆ.

ಕೊನೆಯದಾಗಿ ತಾಯಂದಿರಲ್ಲಿ ಒಂದು ವಿನಂತಿ. ಮಗುವಿಗೆ ಭೇದಿಯಾದಾಗ ಇಂತಹದೇ ಉಪ್ಪು-ಗ್ಲೂಕೋಸ್ ಮಿಶ್ರಣವಾದ ಓಆರ್‌ಎಸ್ ಪೊಟ್ಟಣದ ಮೇಲೆ ಅಚ್ಚಾಗಿರುವಷ್ಟೇ ನೀರಿಗೆ ಅದನ್ನು ಪೂರ್ತಿಯಾಗಿ ಬೆರೆಸಿರಿ. ಬೇಗ ಗುಣವಾಗಲೆಂದು ಗಟ್ಟಿಯಾಗಿ ಕದಡಬೇಡಿರಿ. ಹಾಗೆ ಮಾಡಿದರೆ ಕರುಳೇ ಉಪ್ಪಿನಕಾಯಿಯ ಭರಣಿಯಾಗಿ, ಮಗುವಿನ ಮೈಯೊಳಗಿನ ನೀರು ಹೊರಕ್ಕೆ ಸರಿಯುತ್ತದೆ.