ಆ ಅಂಗಿ ಯಾರದ್ದು?

ಇವತ್ತು ರಾಜಕೀಯ ಬೇಡ. ಅಂದ್ರೆ, ನೇರವಾಗಿ ಬೇಡ. ಬಟ್ಟೆ ವಿಷಯ ಮಾತಾಡೋಣ.

ನಿಮ್ಮ ಮಕ್ಕಳ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇದ್ದೇ ಇರುತ್ತೆ. ಹಿಂದಿನ ರಾತ್ರಿ ಮನೆಯಲ್ಲಿ ಏನು ಗಲಾಟೆ ಅನ್ನೋದೂ ನಿಮಗೆ ಗೊತ್ತು. ಹೆಣ್ಣುಮಗು ಆದ್ರೆ ಒನಕೆ ಓಬವ್ವ. ಅಜ್ಜಿಯ ಸೀರೆಗೆ ಕಚ್ಚೆ ಹಾಕಿ, ರಟ್ಟಿನ ಒನಕೆಗೆ ಕಂದು ಬಣ್ಣ ಬಳಿದು, ಹಣೆಗೆ ಇಷ್ಟಗಲ ಕುಂಕುಮ. ಗಂಡುಮಗು ಆದ್ರೆ ಮದಕರಿ ನಾಯಕ, ಮೀಸೆ ಮಾತ್ರ ಕಾಡಿಗೆಯದ್ದು. ಇಬ್ಬರೂ ಹದಿನೆಂಟನೇ ಶತಮಾನದವರು. ನಮ್ಮ ಯುಕೆಜಿ ಮಕ್ಕಳು ಎರಡು ನಿಮಿಷ ಆ ಶತಮಾನವನ್ನ ಮೈಮೇಲೆ ಹಾಕ್ಕೊಂಡು, ಮೈಕ್ ಮುಂದೆ ಡೈಲಾಗ್ ಹೊಡೆದು, ಸರ್ಟಿಫಿಕೇಟ್ ತಗೊಂಡು ಮನೆಗೆ ಬರ್ತಾರೆ. ಚೆನ್ನಾಗಿದೆ. ಆದ್ರೆ ಒಂದು ಗಮನಿಸಿದ್ದೀರಾ? ಆ ಕೋಟೆಗೆ ಕಲ್ಲು ಹೊತ್ತವನ ವೇಷ ಹಾಕಿ ಬಂದ ಮಗುವನ್ನ ನಾನಂತೂ ಇದುವರೆಗೆ ನೋಡಿಲ್ಲ.

ಇದೇ ಕೆಲಸವನ್ನ ದೊಡ್ಡವರು, ವರ್ಷಪೂರ್ತಿ, ಸಂಬಳ ತಗೊಂಡು ಮಾಡೋ ಊರೊಂದಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್. ಬ್ರಿಟಿಷರ ಕಾಲದಲ್ಲಿ ವರ್ಜೀನಿಯಾದ ರಾಜಧಾನಿ. 1780ರಲ್ಲಿ ರಾಜಧಾನಿ ರಿಚ್ಮಂಡ್‌ಗೆ ಹೋಯ್ತು, ಊರು ಹಾಳು ಬಿತ್ತು. 1926ರಲ್ಲಿ ಗುಡ್ವಿನ್ ಅನ್ನೋ ಪಾದ್ರಿಯ ಹಠ, ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ದುಡ್ಡು, ಎರಡೂ ಸೇರಿ ಊರನ್ನ ಮತ್ತೆ ಹಳೇ ರೂಪಕ್ಕೆ ತರೋ ಕೆಲಸ ಶುರುವಾಯ್ತು. ಸುಮಾರು ಮುನ್ನೂರು ಎಕರೆ. ಇವತ್ತು ಆ ಬೀದಿಯಲ್ಲಿ ನಡೆದ್ರೆ ಕಮ್ಮಾರ ಕಬ್ಬಿಣ ಬಡೀತಿರ್ತಾನೆ, ವಿಗ್ ಮಾಡುವವಳು ಕೂದಲು ಪೋಣಿಸ್ತಿರ್ತಾಳೆ. ಎಲ್ಲರ ಮೈಮೇಲೂ 1770ರ ದಶಕದ ಬಟ್ಟೆ. ಇವರಲ್ಲದೆ, ವಾರವಿಡೀ ಆಫೀಸು ಮಾಡಿ, ಶನಿವಾರ ಬಂತು ಅಂದ್ರೆ ಅದೇ ಕಾಲದ ಸೈನಿಕನಾಗಿ ಡೇರೆ ಹಾಕಿ ಮಲಗೋ ಹವ್ಯಾಸಿಗಳೂ ಆ ದೇಶದಲ್ಲಿ ಸಾವಿರಾರು ಜನ ಇದ್ದಾರೆ.

ನನ್ನ ಚಿಕ್ಕಮ್ಮನ ಮಗಳು ಆ ರಾಜ್ಯದಲ್ಲೇ ಇದ್ದಾಳೆ. ಒಂದು ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ, "ಅಣ್ಣ, ಒಂದಿನ ಬಾ" ಅಂತ ಕರ್ಕೊಂಡು ಹೋದ್ಲು. ನಿಜ ಹೇಳ್ತೀನಿ, ಹೋಗುವಾಗ ನನಗೆ ನಗು. ದೊಡ್ಡವರ ಛದ್ಮವೇಷ ಅಂದ್ಕೊಂಡಿದ್ದೆ. ಜುಲೈ ತಿಂಗಳ ಬಿಸಿಲು, ನಮ್ಮ ಮಂಗಳೂರಿನ ಏಪ್ರಿಲ್ ಥರ ಬೆವರು. ಅಲ್ಲೊಬ್ಬ ಪುಣ್ಯಾತ್ಮ ಉಣ್ಣೆ ಕೋಟು ಹಾಕ್ಕೊಂಡು, ಮೂರು ಮೂಲೆ ಟೋಪಿ ಇಟ್ಕೊಂಡು, ಕೋವಿಗೆ ಮದ್ದು ತುಂಬೋದು ಹೇಗೆ ಅಂತ ತೋರಿಸ್ತಿದ್ದ. ಕಾಗದದ ತೋಟೆಯನ್ನ ಹಲ್ಲಲ್ಲಿ ಕಚ್ಚಿ ಹರೀಬೇಕು. ಮದ್ದು ಬಾಯಿಗೆ ಬರುತ್ತೆ, ಉಪ್ಪುಪ್ಪು. ಗುಂಡು ಮಾತ್ರ ಇರಲ್ಲ, ಬರೀ ಸದ್ದು, ಹೊಗೆ. ಆ ಹೊಗೆಯಲ್ಲಿ ಎದುರಿಗಿದ್ದವನೇ ಕಾಣಲ್ಲ. ಯುದ್ಧದ ಬಗ್ಗೆ ಪುಸ್ತಕ ಓದಿದಾಗ ಇದು ನನಗೆ ಹೊಳೆದಿರಲಿಲ್ಲ.

ಈ ಜನ ಬಟ್ಟೆ ವಿಚಾರದಲ್ಲಿ ಎಷ್ಟು ಮಡಿ ಅಂದ್ರೆ, ನಮ್ಮ ಮಠಗಳ ಅಡುಗೆಮನೆ ನೆನಪಾಗುತ್ತೆ. ಹೊಲಿಗೆ ಯಂತ್ರ ಆಗ ಇರಲಿಲ್ಲ, ಹಾಗಾಗಿ ಹೊಲಿಗೆಯೆಲ್ಲ ಕೈಯಲ್ಲೇ ಆಗಬೇಕು. ಹೆಂಗಸರ ಲಂಗಕ್ಕೆ ಜೇಬು ಹೊಲಿದಿರಲ್ಲ. ಜೇಬು ಅನ್ನೋದು ಬೇರೆಯೇ ಒಂದು ಚೀಲ, ಲಾಡಿಯಲ್ಲಿ ಸೊಂಟಕ್ಕೆ ಕಟ್ಕೊಂಡು ಲಂಗದ ಸೀಳಲ್ಲಿ ಕೈ ಹಾಕಬೇಕು. ನಮ್ಮಜ್ಜಿಯ ಎಲೆಯಡಿಕೆ ಸಂಚಿಯ ಅಕ್ಕ ಅಂತಿಟ್ಕೊಳ್ಳಿ. ಬೂಟುಗಳಿಗೆ ಎಡ ಬಲ ಅಂತಿಲ್ಲ, ಎರಡೂ ಒಂದೇ ಅಚ್ಚು. ಪ್ಲಾಸ್ಟಿಕ್ ಗುಂಡಿ ಹಾಕ್ಕೊಂಡು, ಕೈಗಡಿಯಾರ ಕಟ್ಕೊಂಡು ಬಂದವನಿಗೆ ಹವ್ಯಾಸಿಗಳ ಭಾಷೆಯಲ್ಲಿ 'ಫಾರ್ಬ್' ಅಂತ ಬೈಗುಳವೇ ಇದೆ.

ಇನ್ನೊಂದು ವಿಷಯ ಕೇಳಿದ್ರೆ ನಿಮಗೂ ಖುಷಿಯಾಗುತ್ತೆ. ಆ ಕಾಲದ ಶ್ರೀಮಂತ ಗಂಡಸು ಮನೆಯಲ್ಲಿ ಕೋಟು ಬಿಚ್ಚಿಟ್ಟು ಒಂದು ಸಡಿಲ ನಿಲುವಂಗಿ ಹಾಕ್ಕೊಳ್ತಿದ್ದ. ಅದರ ಹೆಸರು ಬನಿಯನ್! ನಮ್ಮ ದೇಶದ ಬನಿಯಾ ವ್ಯಾಪಾರಿಗಳಿಂದ ಹೋದ ಹೆಸರು. ನಮ್ಮ ಪಂಚೆ ಮೇಲಿನ ಬನಿಯನ್‌ಗೂ ಅದೇ ಮೂಲ.

ಇಷ್ಟೆಲ್ಲ ಸೊಗಸು. ಆದ್ರೆ ಆ ಊರಿನ ಲೆಕ್ಕ ನೋಡಿ. ಅಮೆರಿಕದ ಕ್ರಾಂತಿಯ ಹೊತ್ತಿಗೆ ವಿಲಿಯಮ್ಸ್‌ಬರ್ಗ್‌ನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ, ಅವರಲ್ಲಿ ಬಹುಪಾಲು ಗುಲಾಮರು. ಆ ರೇಷ್ಮೆ ಒಗೆದವರು, ಆ ಬೆಂಕಿ ಊದಿದವರು ಅವರೇ. ಊರನ್ನ ಮತ್ತೆ ಕಟ್ಟಿದ ಮೇಲೆ ದಶಕಗಟ್ಟಲೆ ಬೀದಿಯಲ್ಲಿ ಸಿಗ್ತಿದ್ದದ್ದು ಚಂದದ ಗೌನು, ದೇಶಭಕ್ತರ ಭಾಷಣ. ಗುಲಾಮರ ಬದುಕನ್ನ ಕಪ್ಪು ಕಲಾವಿದರೇ ನಿಂತು ತೋರಿಸೋಕೆ ಶುರುವಾಗಿದ್ದು 1979ರಲ್ಲಿ. ಅಷ್ಟು ವರ್ಷ ಅರ್ಧ ಊರೇ ನಾಪತ್ತೆ ಸ್ವಾಮಿ!

1994ರ ಅಕ್ಟೋಬರ್ 10. ಆ ಊರಿನ ಬೀದಿಯಲ್ಲಿ ಗುಲಾಮರ ಹರಾಜನ್ನ ಮರುಸೃಷ್ಟಿ ಮಾಡ್ತೀವಿ ಅಂತ ಹೊರಟ್ರು. ಹೊರಟವರು ಯಾರು? ಕ್ರಿಸ್ಟಿ ಕೋಲ್ಮನ್ ಅನ್ನೋ ಕಪ್ಪು ಹೆಣ್ಣುಮಗಳು, ಅಲ್ಲಿನ ಆಫ್ರಿಕನ್ ಅಮೆರಿಕನ್ ವಿಭಾಗದ ಮುಖ್ಯಸ್ಥೆ. ಎದುರು ನಿಂತವರು ಯಾರು? ಕಪ್ಪು ಜನರ ಹಕ್ಕಿಗಾಗಿ ಹೋರಾಡೋ ಸಂಘಟನೆಗಳೇ. ನಮ್ಮ ಅಜ್ಜ ಅಜ್ಜಿಯರ ನೋವನ್ನ ಪ್ರವಾಸಿಗರ ಮನರಂಜನೆ ಮಾಡ್ತೀರಾ ಅನ್ನೋದು ಅವರ ಸಿಟ್ಟು. ತಪ್ಪು ಅಂತೀರಾ? ನಾನು ಅನ್ನಲ್ಲ. ಐಸ್‌ಕ್ರೀಮ್ ಹಿಡ್ಕೊಂಡು ನಿಂತ ಜನರ ಮುಂದೆ ನಮ್ಮವರನ್ನ ಮಾರೋ ನಾಟಕ ನಡೆದ್ರೆ ನಮಗೂ ಹೊಟ್ಟೆ ಉರಿಯುತ್ತೆ. ಕೋಲ್ಮನ್ ಮೊದಲು ಜನರ ಮುಂದೆ ಬಂದು, ನೋಡಿ ಆಮೇಲೆ ತೀರ್ಮಾನ ಮಾಡಿ ಅಂತ ಕೇಳ್ಕೊಂಡ್ರು. ಆಮೇಲೆ ಒಬ್ಬ ಬಸುರಿ ಗುಲಾಮಳ ವೇಷದಲ್ಲಿ ಹರಾಜಿಗೆ ನಿಂತ್ರು. ಗಂಡ ಒಬ್ಬ ಯಜಮಾನನ ಪಾಲು, ಹೆಂಡತಿ ಇನ್ನೊಬ್ಬನ ಪಾಲು. ಮುಗಿದಾಗ ಜನ ಅಳ್ತಿದ್ರು. ವಿರೋಧಿಸೋಕೆ ಬಂದಿದ್ದ ನಾಯಕರಲ್ಲೊಬ್ಬರು ಅಲ್ಲೇ ತಮ್ಮ ಅಭಿಪ್ರಾಯ ಬದಲಿಸಿದ್ರು. ಎಲ್ಲರೂ ಬದಲಿಸಲಿಲ್ಲ. ಆ ವಾದ ಇವತ್ತಿಗೂ ಮುಗಿದಿಲ್ಲ.

ನನಗೆ ಕಾಡೋದು ಬೇರೆ. ಸಂಜೆ ಆ ವೇಷ ಕಳಚಿ ಮನೆಗೆ ಹೋದವರಿಗೆ ರಾತ್ರಿ ನಿದ್ದೆ ಬಂತಾ? ಗವರ್ನರ್ ವೇಷದವನಿಗೆ ಈ ಪ್ರಶ್ನೆ ಇಲ್ಲ.

ಸರಿ, ಗವರ್ನರ್ ಕೋಟು ಹೇಗಿತ್ತು ಅಂತ ತಿಳಿಯೋಕೆ ತೈಲಚಿತ್ರಗಳಿವೆ. ಗುಲಾಮನ ಅಂಗಿ ಹೇಗಿತ್ತು ಅಂತ ಹೇಗೆ ಗೊತ್ತಾಗುತ್ತೆ? ಬಡವರ ಬಟ್ಟೆ ಉಳಿಯಲ್ಲ, ಹರಿಯೋವರೆಗೂ ಉಟ್ಟು ಕೊನೆಗೆ ಒರೆಸೋ ಬಟ್ಟೆ ಆಗುತ್ತೆ. ಉತ್ತರ ಸಿಗೋದು ಆ ಕಾಲದ ಪತ್ರಿಕೆಗಳಲ್ಲಿ. ಆ ಊರಿನಲ್ಲೇ ಅಚ್ಚಾಗ್ತಿದ್ದ ವರ್ಜೀನಿಯಾ ಗೆಜೆಟ್‌ನಲ್ಲಿ ಯಜಮಾನರು ಜಾಹೀರಾತು ಕೊಡ್ತಿದ್ರು: ನನ್ನ ಗುಲಾಮ ಓಡಿಹೋಗಿದ್ದಾನೆ, ಹಿಡಿದು ಕೊಟ್ಟವರಿಗೆ ಬಹುಮಾನ. ಗುರುತು ಹಿಡಿಯೋಕೆ ಎತ್ತರ, ವಯಸ್ಸು, ಮೈಮೇಲಿನ ಗಾಯ; ಜೊತೆಗೆ ಅಂಗಿ ಯಾವ ಬಟ್ಟೆ, ಕೋಟು ಯಾವ ಬಣ್ಣ. ಒಸ್ನಾಬರ್ಗ್ ಅನ್ನೋ ಒರಟು ಬಟ್ಟೆಯ ಹೆಸರು ಮತ್ತೆ ಮತ್ತೆ ಬರುತ್ತೆ. ಇವತ್ತು ಸಾಮಾನ್ಯರ ವೇಷ ಹೊಲಿಯುವವರು ಸೂಜಿಗೆ ದಾರ ಪೋಣಿಸೋ ಮುಂಚೆ ಓದೋದು ಈ ಜಾಹೀರಾತುಗಳನ್ನ. ಇದನ್ನ ಕೇಳಿದ ಮೇಲೆ ನನ್ನ ನಗು ನಿಂತುಹೋಯ್ತು. ಒಬ್ಬ ಮನುಷ್ಯ ಏನು ಉಟ್ಟಿದ್ದ ಅನ್ನೋದು ಚರಿತ್ರೆಯಲ್ಲಿ ದಾಖಲಾಗಬೇಕಾದ್ರೆ ಅವನು ಓಡಿಹೋಗಬೇಕಿತ್ತು.

ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಯಾರ್ಕ್‌ಟೌನ್. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನೆ ಶರಣಾದ ಜಾಗ. ಅಲ್ಲೂ ವೇಷಧಾರಿಗಳು ಸೇರ್ತಾರೆ. ಬ್ರಿಟಿಷ್ ಸೇನಾಪತಿ ಯಾರು ಗೊತ್ತಾ? ಕಾರ್ನ್‌ವಾಲಿಸ್. ಮೈಗೆ ಹುಷಾರಿಲ್ಲ ಅಂತ ಹೇಳಿ ಶರಣಾಗೋಕೆ ತಾನು ಬರಲೇ ಇಲ್ಲ, ಕತ್ತಿ ಒಪ್ಪಿಸೋಕೆ ಕೈಕೆಳಗಿನವನನ್ನ ಕಳಿಸಿದ. ಅದೇ ಮಹಾಶಯ 1792ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯ, ಇಬ್ಬರು ಮಕ್ಕಳನ್ನ ಒತ್ತೆ ತಗೊಂಡ. ಯಾರ್ಕ್‌ಟೌನ್‌ನಲ್ಲಿ ಅವನು ಮಾಡಿದ ಇನ್ನೊಂದು ಕೆಲಸ ಇದೆ. ಬಿಡುಗಡೆ ಸಿಗುತ್ತೆ ಅಂತ ನಂಬಿ ಬ್ರಿಟಿಷರ ಹಿಂದೆ ಬಂದಿದ್ದ ಗುಲಾಮರಿಗೆ ಸಿಡುಬು ಬಂದಾಗ, ಅನ್ನ ಸಾಲದಾದಾಗ, ಅವರನ್ನ ಕೋಟೆಯಿಂದ ಹೊರಗೆ ತಳ್ಳಿದ. ಶರಣಾಗತಿಯ ವೇಷ ಹಾಕೋಕೆ ಜನ ಸಾಲುಗಟ್ಟುತ್ತಾರೆ. ಈ ವೇಷ ಯಾರು ಹಾಕ್ತಾರೆ?

ನಾವು ಅದೇ ಶತಮಾನಕ್ಕೆ ಏನು ಮಾಡ್ತಿದ್ದೀವಿ? 2015ರಿಂದ ಕೆಲವು ವರ್ಷ, ನವೆಂಬರ್ ಬಂತು ಅಂದ್ರೆ ಸ್ಟುಡಿಯೋದಲ್ಲಿ ಟಿಪ್ಪು ಜಯಂತಿ ಜಗಳ. ಎಡಕ್ಕೆ ಮೂವರು, ಬಲಕ್ಕೆ ಮೂವರು, ನಡುವೆ ನಾನು. ನಾನೂ ಆ ಜಗಳದ ಪಾಲುದಾರನೇ, ಸುಳ್ಳು ಹೇಳಲ್ಲ. ಅಷ್ಟು ಗಂಟೆಗಳ ಚರ್ಚೆಯಲ್ಲಿ ಆ ಕಾಲದ ಒಬ್ಬ ರೈತ ಏನು ಉಡ್ತಿದ್ದ, ಸೈನ್ಯದ ಹಿಂದೆ ಎತ್ತಿನ ಗಾಡಿ ಹೊಡೆದವನು ಏನು ತಿಂತಿದ್ದ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ನನ್ನ ತಂಗಿಯ ಮಗಳ ಕತೆ. ಒಂಬತ್ತು ವರ್ಷ. ಅಲ್ಲಿ ಆಗ ಮಕ್ಕಳಿಗೆ ಹಳೇ ಕಾಲದ ಗೌನು ಬಾಡಿಗೆಗೆ ಕೊಡ್ತಿದ್ರು. ಇವಳೂ ಹಟ ಮಾಡಿ ಗೌನು, ತಲೆಗೆ ಬಿಳಿ ಟೋಪಿ ಹಾಕಿಸ್ಕೊಂಡ್ಲು. ಅರ್ಧ ದಿನ ಕುಣಿದಾಡಿದ್ಲು. ಮಧ್ಯಾಹ್ನದ ಮೇಲೆ, ಒಂದು ಮನೆಯ ಹಿಂದಿನ ಅಡುಗೆ ಕೊಠಡಿಯಲ್ಲಿ ಗುಲಾಮಳ ವೇಷದಲ್ಲಿದ್ದ ಕಪ್ಪು ಹೆಂಗಸಿನ ಮಾತು ಕೇಳ್ತಾ ಕೇಳ್ತಾ ತನ್ನ ಕೈ ನೋಡ್ಕೊಂಡ್ಲು. ಆಮೇಲೆ ನನ್ನ ಅಂಗಿ ಜಗ್ಗಿ ಕೇಳಿದ್ಲು, "ಮಾಮ, ಆಗ ನಾನು ಇಲ್ಲಿ ಇದ್ದಿದ್ರೆ ಯಾರಾಗಿರ್ತಿದ್ದೆ?"

ದಿನಾ ಟಿವಿಯಲ್ಲಿ ಮುಖ್ಯಮಂತ್ರಿಗಳಿಗೆ ಪ್ರಶ್ನೆ ಕೇಳೋನು ನಾನು. ಬಾಯಿ ಕಟ್ಟಿಹೋಯ್ತು.

ಆ ಹೆಂಗಸಿಗೆ ಪ್ರಶ್ನೆ ಅರ್ಥವಾಗಿರಬೇಕು. ಇವಳೇ ಅದನ್ನ ಇಂಗ್ಲಿಷ್‌ನಲ್ಲಿ ಮತ್ತೆ ಕೇಳಿದ್ಲು. ಆಕೆ ಮಂಡಿಯೂರಿ ಕೂತು, ನಿಮ್ಮವರು ಎಲ್ಲಿಯವರಮ್ಮಾ ಅಂತ ವಿಚಾರಿಸಿ, ಒಬ್ಬನ ವಿಷಯ ಹೇಳಿದ್ರು. 1776ರ ಜುಲೈ. ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ಅದೇ ತಿಂಗಳು. ವರ್ಜೀನಿಯಾ ಗೆಜೆಟ್‌ನಲ್ಲಿ ಒಂದು ಜಾಹೀರಾತು. ಓಡಿಹೋದ ಸೇವಕನ ಹೆಸರು ಜಾನ್ ನ್ಯೂಟನ್, ವಯಸ್ಸು ಸುಮಾರು ಇಪ್ಪತ್ತು, ಹುಟ್ಟಿನಿಂದ ಏಷ್ಯಾದ ಇಂಡಿಯನ್. ಹತ್ತು ವರ್ಷ ಇಂಗ್ಲೆಂಡಿನಲ್ಲಿ ಚಾಕರಿ ಮಾಡಿ, ವರ್ಜೀನಿಯಾಕ್ಕೆ ಬಂದು ಹನ್ನೆರಡು ತಿಂಗಳು ಆಗಿತ್ತಷ್ಟೇ. ಅಪ್ಪ ಅಮ್ಮ ಇಟ್ಟ ಹೆಸರು ಜಾಹೀರಾತಿನಲ್ಲಿ ಇಲ್ಲ. ಲೆಕ್ಕ ಹಾಕಿ ನೋಡಿ, ಊರು ಬಿಟ್ಟಾಗ ಅವನಿಗೆ ಇವಳಷ್ಟೇ ವಯಸ್ಸು. ತೆಳ್ಳಗಿನ ಮೈ. ಉದ್ದನೆಯ ಕಪ್ಪು ಕೂದಲು, ಹಿಂದಕ್ಕೆ ಕಟ್ಟಿದ್ದಾನೆ ಅಂತ ಯಜಮಾನ ಬರೆಸಿದ್ದ.

"ಸಿಕ್ಕಿಬಿದ್ನಾ?" ಅಂತ ಕೇಳಿದ್ಲು ಹುಡುಗಿ. ಆಕೆ ತಲೆ ಅಲ್ಲಾಡಿಸಿ, ನನಗೆ ಗೊತ್ತಿಲ್ಲ ಮಗು ಅಂದ್ರು.

ಆ ದಿನದ ಎರಡು ಫೋಟೋ ನನ್ನ ಫೋನಿನಲ್ಲಿದೆ. ಬೆಳಗಿನದ್ದರಲ್ಲಿ ಗೌನು, ಬಿಳಿ ಟೋಪಿ, ಬಾಯ್ತುಂಬ ನಗು. ಸಂಜೆಯದ್ದರಲ್ಲಿ ಅದೇ ಗೌನು. ಟೋಪಿ ಅವರಮ್ಮನ ಕೈಯಲ್ಲಿದೆ. ಜಡೆ ಬಿಚ್ಚಿ, ಕೂದಲನ್ನ ಹಿಂದಕ್ಕೆ ಒಂದು ದಾರದಲ್ಲಿ ಕಟ್ಕೊಂಡಿದ್ದಾಳೆ.