ಸೋರುವ ಫ್ಲಶ್ ಟ್ಯಾಂಕ್ ಮತ್ತು ನೆರೆಯವರ ಹಕ್ಕು

(ಜುಮಾ ಖುತ್ಬಾದ ಸಾರಾಂಶ)

ಸತ್ಯವಿಶ್ವಾಸಿ ಸಹೋದರರೇ, ಅಲ್ಲಾಹನನ್ನು ಭಯಪಡಿರಿ ಎಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಇಂದು ನನ್ನದೇ ಮನೆಯ ಒಂದು ತಪ್ಪನ್ನು ಹೇಳಬೇಕಾಗಿದೆ. ನಾವು ಮೂರು ಮನೆಯವರು ಸಾವಿರ ಲೀಟರಿನ ಒಂದೇ ಟ್ಯಾಂಕಿನ ನೀರು ಬಳಸುತ್ತೇವೆ. ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಇತ್ತೀಚೆಗೆ ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಬರಿದಾಗುತ್ತಿತ್ತು. ಪಕ್ಕದ ಮನೆಯ ವೃದ್ಧೆ ಬೀದಿ ನಲ್ಲಿಯಿಂದ ಕೊಡ ಹೊತ್ತು ತರುತ್ತಿದ್ದರು. ಮೇಲಿನ ಮನೆಯ ಮಕ್ಕಳು ನೀರು ಪೋಲು ಮಾಡುತ್ತಿದ್ದಾರೆಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಒಂದು ರಾತ್ರಿ ಇಶಾ ಮುಗಿಸಿ ಬಂದಾಗ ನಮ್ಮ ಶೌಚಾಲಯದಲ್ಲಿ ಸಣ್ಣಗೆ ನೀರಿನ ಸದ್ದು. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಶಾಯಿ ಹಾಕಿ, ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟೆ. ಕಮೋಡಿನಲ್ಲಿ ನೀಲಿ ಬಣ್ಣ ಇಳಿದಿತ್ತು. ಟ್ಯಾಂಕಿಗೆ ನೀರು ಬರುವ ಕಾಕ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಒಂದು ಗಂಟೆಯ ನಂತರ ಆ ಗುರುತಿನವರೆಗೆ ತುಂಬಿಸಲು ಲೀಟರ್ ಬಾಟಲಿಯಲ್ಲಿ ಮೂರು ಬಾರಿ ನೀರು ಸುರಿಯಬೇಕಾಯಿತು. ಅಂದರೆ ದಿನಕ್ಕೆ 72 ಲೀಟರ್, ಮೂರು ದಿನಕ್ಕೆ 216 ಲೀಟರ್!

ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಒಂದು ಮುದ್ದ್ ಎಂದರೆ ಸುಮಾರು ಮುಕ್ಕಾಲು ಲೀಟರ್. ಆ ಲೆಕ್ಕದಲ್ಲಿ ನನ್ನ ಮನೆಯಲ್ಲಿ ದಿನಕ್ಕೆ 96 ವುಝೂಗಳ ನೀರು ಚರಂಡಿ ಸೇರುತ್ತಿತ್ತು. ದುಂದುವೆಚ್ಚ ಮಾಡುವವರನ್ನು ಕುರ್‌ಆನ್ ಶೈತಾನರ ಸಹೋದರರೆಂದು ಕರೆದಿದೆ. ಇಲ್ಲಿ ದುಂದುವೆಚ್ಚದ ಜೊತೆಗೆ ನೆರೆಯವರ ಹಕ್ಕೂ ಹೋಗಿತ್ತು, ನಿರಪರಾಧಿ ಮಕ್ಕಳ ಬಗ್ಗೆ ಕೆಟ್ಟ ಗುಮಾನಿಯೂ ಸೇರಿತ್ತು.

ರಿಪೇರಿ ಕಷ್ಟದ್ದಲ್ಲ. ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿರಿ. ಶಾಯಿ ಕೆಳಗಿಳಿದಿದ್ದರೆ ತಳದ ರಬ್ಬರ್ ವಾಷರ್ ನೋಡಿರಿ. ಗಡಸು ನೀರಿನ ಸುಣ್ಣ ಕಟ್ಟಿದ್ದರೆ ವಾಷರನ್ನೂ ಅದು ಕೂರುವ ಜಾಗವನ್ನೂ ಬಟ್ಟೆಯಿಂದ ಉಜ್ಜಿರಿ. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಬಿರಿದಿದ್ದರೆ ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿರಿ. ಟ್ಯಾಂಕಿನೊಳಗಿನ ನಿಂತ ಪೈಪಿನ ಬಾಯಿಯಿಂದ ನೀರು ಹರಿದು ಹೋಗುತ್ತಿದ್ದರೆ ತೇಲುವ ಚೆಂಡನ್ನು ತುಸು ತಗ್ಗಿಸಿರಿ. ನೀರು ಆ ಬಾಯಿಗಿಂತ ಒಂದಿಂಚು ಕೆಳಗೆ ನಿಲ್ಲಬೇಕು. ಕೊನೆಗೆ ಇನ್ನೊಮ್ಮೆ ಶಾಯಿ ಹಾಕಿ ಪರೀಕ್ಷಿಸಿರಿ.

ಇದು ನಮ್ಮ ಘನತೆಗೆ ತಕ್ಕ ಕೆಲಸವಲ್ಲ ಎಂದು ಯಾರೂ ಭಾವಿಸಬಾರದು. ಪ್ರವಾದಿ(ಸ)ರು ಮನೆಯಲ್ಲಿ ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ವಾಷರ್ ಬದಲಿಸಿದ ಮೇಲೆ ನಾನು ಎರಡೂ ಮನೆಯವರಲ್ಲಿ ಕ್ಷಮೆ ಕೇಳಿದೆ. "ಹೋಗಲಿ ಬಿಡಿ ಹಜ್ರತ್, ಈಗ ನಿಂತಿತಲ್ಲ" ಎಂದರು ಆ ವೃದ್ಧೆ. ಅಲ್ಲಾಹನ ಹಕ್ಕಿನಲ್ಲಾದ ಲೋಪಕ್ಕೆ ತೌಬಾ ಇದೆ. ದಾಸರ ಹಕ್ಕಿಗೆ ದಾಸರೇ ಕ್ಷಮಿಸಬೇಕು.

ಇಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದು ನಿಮಿಷ ನಿಮ್ಮ ಮನೆಯ ಶೌಚಾಲಯದ ಬಾಗಿಲಲ್ಲಿ ನಿಂತು ಕಿವಿಗೊಡಿರಿ. ನಮ್ಮ ಮಸೀದಿಯ ಟ್ಯಾಂಕುಗಳನ್ನೂ ಭಾನುವಾರ ಅಸರ್ ನಂತರ ಯುವಕರೊಂದಿಗೆ ಪರೀಕ್ಷಿಸೋಣ. ವಕ್ಫ್‌ನ ನೀರು ನಮ್ಮ ಮೇಲಿರುವ ಅಮಾನತ್.

ಅಲ್ಲಾಹನು ತನ್ನ ಅನುಗ್ರಹಗಳನ್ನು ಕಾಪಾಡುವ ತೌಫೀಕ್ ನಮಗೆಲ್ಲ ನೀಡಲಿ. ಆಮೀನ್.